ಮುಂದಿನ ಗಾಡಿ ಸುಮ್ನೆ ನಿಂತಿಲ್ಲ

ದಾವಣಗೆರೆಯಲ್ಲಿ ಗಾಡಿ ಓಡಿಸುವ ಯಾರನ್ನಾದರೂ ಕೇಳಿ ನೋಡಿ, ಓವರ್‌ಟೇಕ್ ಮಾಡುವ ಮೊದಲು ಏನು ನೋಡ್ತೀರಿ ಅಂತ. ಎದುರಿಂದ ಯಾರಾದರೂ ಬರ್ತಿದಾರಾ, ಸಂದಿಯಲ್ಲಿ ನಮ್ಮ ಗಾಡಿ ಹಿಡಿಯುತ್ತದಾ, ಹಾರ್ನ್ ಹೊಡೆದರೆ ಮುಂದಿನವನು ಸೈಡ್ ಕೊಡ್ತಾನಾ. ಇಷ್ಟೇ ಉತ್ತರ ಬರುತ್ತದೆ. "ಮುಂದಿನ ಗಾಡಿ ಯಾಕೆ ನಿಧಾನ ಆಯ್ತು ಅಂತ ನೋಡ್ತೀನಿ" ಅಂದವರು ನನಗಂತೂ ಇನ್ನೂ ಸಿಕ್ಕಿಲ್ಲ.

ಅದಕ್ಕೆ ಕಾರಣವೂ ಇದೆ. ನಮ್ಮೂರಲ್ಲಿ ಗಾಡಿ ನಿಲ್ಲಿಸೋಕೆ ನೂರೆಂಟು ನೆಪ. ಆಟೊದವರು ಕೈ ತೋರಿಸಿದವರ ಮುಂದೆ ನಿಲ್ಲುತ್ತಾರೆ. ಲಗೇಜ್ ಗಾಡಿಯವರು ಅಂಗಡಿ ಎದುರು ಅರ್ಧ ರಸ್ತೆಯಲ್ಲೇ ಮೂಟೆ ಇಳಿಸುತ್ತಾರೆ. ಹೊರಗಿನಿಂದ ಬಂದ ಕಾರಿನವರು ಬೆಣ್ಣೆದೋಸೆ ಹೋಟೆಲಿನ ಬೋರ್ಡು ಕಂಡ ಕೂಡಲೇ ಹಿಂದೆ ಮುಂದೆ ನೋಡದೆ ಬ್ರೇಕ್ ಹಾಕುತ್ತಾರೆ. ಫೋನ್ ಬಂತು ಅಂತ ನಿಲ್ಲುವವರು ಬೇರೆ. ಇದನ್ನೆಲ್ಲ ದಿನಾ ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ಮುಂದಿನವನು ನಿಂತರೆ ಅದು ಅವನ ಸ್ವಂತ ಕೆಲಸ, ನಾವು ಪಕ್ಕದಿಂದ ಹೋಗ್ತಾ ಇರಬೇಕು. ಎಷ್ಟೋ ಸಲ ಈ ಲೆಕ್ಕ ಸರಿಯಾಗೇ ಇರುತ್ತದೆ. ಜೀಬ್ರಾ ಪಟ್ಟೆಯ ಹತ್ತಿರ ಮಾತ್ರ ಅದು ಜೀವ ತೆಗೆಯುವಷ್ಟು ತಪ್ಪು.

ಅಲ್ಲಿ ಗಾಡಿ ನಿಲ್ಲಲು ಕಾರಣವಾದವರು ಆ ಗಾಡಿಯ ಮುಂದೆಯೇ ನಡೆದು ಹೋಗುತ್ತಿರುತ್ತಾರೆ. ಅವರನ್ನು ನಮ್ಮ ಕಣ್ಣಿಗೆ ಮರೆ ಮಾಡಿರುವುದೂ ಅದೇ ಗಾಡಿ.

ಒಂದು ಬಸ್ಸನ್ನೇ ತೆಗೆದುಕೊಳ್ಳಿ. ದೊಡ್ಡ ಬಸ್ಸು ಸುಮಾರು 11 ಮೀಟರ್ ಉದ್ದ ಇರುತ್ತದೆ. ರಸ್ತೆ ಬದಿಗೆ ನಿಂತಾಗ ಅದೊಂದು ಗೋಡೆ. ನೀವು ಬೈಕಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಆ ಗೋಡೆಯ ಪಕ್ಕ ಹೋಗುತ್ತಿದ್ದೀರಿ. 40 ಅಂದರೆ ಊರೊಳಗೂ ಯಾರೂ ಜೋರು ಅನ್ನುವುದಿಲ್ಲ. ಆದರೆ ಲೆಕ್ಕ ಹಾಕಿದರೆ ಸೆಕೆಂಡಿಗೆ 11 ಮೀಟರ್. ಬಸ್ಸಿನ ಹಿಂಬದಿಯಿಂದ ಮುಂಬದಿಗೆ ನೀವು ಒಂದೇ ಸೆಕೆಂಡಿನಲ್ಲಿ ತಲುಪುತ್ತೀರಿ. ಅದೇ ಹೊತ್ತಿಗೆ ಬಸ್ಸಿನ ಮುಂದಿನಿಂದ ಯಾರೋ ಹೊರಗೆ ಕಾಲಿಟ್ಟರು. ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕೈ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ಗಾಡಿ ಇನ್ನೂ ಅದೇ 40ರಲ್ಲಿ ಇರುತ್ತದೆ. ಒಣ ರಸ್ತೆ, ಒಳ್ಳೆ ಬ್ರೇಕು ಇದ್ದರೂ ನಿಲ್ಲೋಕೆ ಅಲ್ಲಿಂದ ಮುಂದೆ ಸುಮಾರು 9 ಮೀಟರ್ ಬೇಕು. ಮಳೆ ಬಿದ್ದಿದ್ದರೆ ಇನ್ನೂ ಜಾಸ್ತಿ. ಅದೇ 20ರಲ್ಲಿ ಹೋಗುತ್ತಿದ್ದರೆ ನೋಡಿದ ಕ್ಷಣದಿಂದ ನಿಲ್ಲುವ ತನಕ ಎಲ್ಲ ಸೇರಿ 8 ಮೀಟರ್ ಸಾಕು. ವೇಗ ಅರ್ಧ ಆದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ಉರುಳುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾಗಿ "ನಾನೇನು ಜೋರಾಗಿ ಹೋಗ್ತಿರ್ಲಿಲ್ಲ" ಅನ್ನುವ ಮಾತು ನಿಜವಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಕಾಣದ ಜಾಗದ ಪಕ್ಕ ಎಷ್ಟರಲ್ಲಿ ಹೋಗುತ್ತಿದ್ದಿರಿ ಅನ್ನುವುದೇ ಪ್ರಶ್ನೆ.

ಪಿ.ಬಿ. ರಸ್ತೆಯಲ್ಲಿ ಒಂದು ಸಂಜೆ ನೋಡಿದ್ದನ್ನು ಹೇಳುತ್ತೇನೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ಟೀ ಅಂಗಡಿ ಮುಂದೆ ನಿಂತಿದ್ದೆ. ಮಂಡಕ್ಕಿ ತುಂಬಿದ ದೊಡ್ಡ ಪ್ಲಾಸ್ಟಿಕ್ ಚೀಲ ಹಿಡಿದ ಒಬ್ಬ ಹೆಂಗಸು, ಜೊತೆಗೆ ಏಳೆಂಟು ವರ್ಷದ ಹುಡುಗ. ಇಬ್ಬರೂ ಅಂಚಿನಲ್ಲಿ ತುಂಬಾ ಹೊತ್ತಿನಿಂದ ಕಾಯುತ್ತಿದ್ದರು. ಒಂದು ಬಿಳಿ ಕಾರು ನಿಂತಿತು. ಒಳಗಿದ್ದವರು ಗಾಜಿನ ಹಿಂದಿನಿಂದಲೇ ನಗುತ್ತಾ ಕೈ ಬೀಸಿದರು, ಹೋಗಿ ಹೋಗಿ ಅಂತ. ಹೆಂಗಸು ತಲೆ ತಗ್ಗಿಸಿಕೊಂಡು ಓಡುನಡಿಗೆಯಲ್ಲಿ ಹೊರಟರು. ನಮ್ಮ ಜನಕ್ಕೆ ಯಾರಾದರೂ ಗಾಡಿ ನಿಲ್ಲಿಸಿದರೆ ಅವರನ್ನು ಕಾಯಿಸಬಾರದು ಅನ್ನುವ ಸಂಕೋಚ ಬಂದುಬಿಡುತ್ತದೆ. ಬೇಗ ಬೇಗ ದಾಟುತ್ತಾರೆ, ಆಚೆ ಈಚೆ ನೋಡುವುದನ್ನು ಬಿಟ್ಟು. ಕಾರಿನ ಬಾನೆಟ್ ದಾಟುವ ಹೊತ್ತಿಗೆ ಬಲಗಡೆಯಿಂದ ಒಂದು ಬೈಕು ಬಂತು. ಹುಡುಗನೇ ಮೊದಲು ನೋಡಿ ಗಕ್ಕನೆ ನಿಂತ. ಅಮ್ಮನ ಕೈ ಹಿಂದಕ್ಕೆ ಜಗ್ಗಿತು. ಬೈಕು ಮಂಡಕ್ಕಿ ಚೀಲಕ್ಕೆ ಸವರಿಕೊಂಡು ಹೋಯಿತು. ಚೀಲ ಹರಿದು ಮಂಡಕ್ಕಿ ರಸ್ತೆ ತುಂಬಾ ಚೆಲ್ಲಿತು. ಬೈಕಿನವನು ಸ್ವಲ್ಪ ಮುಂದೆ ಹೋಗಿ, ಕಾಲೂರಿ, ತಿರುಗಿ ಕೂಗಿದ: "ನೋಡ್ಕಂಡ್ ಬರಾಕಾಗಲ್ವೇನಮ್ಮಾ?"

ಅವನ ಸಿಟ್ಟು ನಾಟಕ ಅಲ್ಲ, ನಿಜವಾದ ಸಿಟ್ಟೇ. ಅವನ ಪ್ರಕಾರ ಖಾಲಿ ರಸ್ತೆಯಲ್ಲಿ ಹೋಗುತ್ತಿದ್ದ, ಆಕೆ ಎಲ್ಲಿಂದಲೋ ಅಡ್ಡ ಬಂದರು. ಕಾರು ಯಾಕೆ ನಿಂತಿದೆ ಅನ್ನುವ ಪ್ರಶ್ನೆ ಅವನಿಗೆ ಹುಟ್ಟಲೇ ಇಲ್ಲ. ಕೆಂಪು ಬ್ರೇಕ್ ಲೈಟು ಎದುರಿಗೇ ಉರಿಯುತ್ತಿತ್ತು.

ಕಾರಿನವರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರು ಒಳ್ಳೆಯವರು. ನಮ್ಮಲ್ಲಿ ದಾಟುವವರಿಗೆ ನಿಲ್ಲಿಸುವವರೇ ಕಮ್ಮಿ, ಅಂಥದ್ದರಲ್ಲಿ ನಿಲ್ಲಿಸಿದ್ದಾರೆ. ಆದರೆ ಆ ಕೈ ಬೀಸುವುದು ನನಗೆ ಭಯ. "ಹೋಗಿ" ಅಂತ ಸನ್ನೆ ಮಾಡುವಾಗ ನೀವು ಭರವಸೆ ಕೊಡುತ್ತಿರುವುದು ನಿಮ್ಮ ಗಾಡಿಯ ಬಗ್ಗೆ ಮಾತ್ರ. ದಾಟುವವರು ಅದನ್ನು ಇಡೀ ರಸ್ತೆಯ ಭರವಸೆ ಅಂತ ತೆಗೆದುಕೊಳ್ಳುತ್ತಾರೆ. ಪಕ್ಕದ ಸಾಲಿನಲ್ಲಿ ಬರುವವನ ಪರವಾಗಿ ಮಾತು ಕೊಡೋಕೆ ನಾವ್ಯಾರು?

ಇನ್ನು ಕಾನೂನು ಏನನ್ನುತ್ತದೆ ಅಂತ ನೋಡೋಣ. ನಮ್ಮ ದೇಶದಲ್ಲಿ 1989ರ ರಸ್ತೆ ನಿಯಮಗಳಲ್ಲೇ ಎರಡು ಮಾತು ಸ್ಪಷ್ಟವಾಗಿದ್ದವು. ಜನ ದಾಟುವ ಜಾಗ ಹತ್ತಿರ ಬಂದಾಗ ವೇಗ ಇಳಿಸಬೇಕು. ಮುಂದಿನ ರಸ್ತೆ ಸರಿಯಾಗಿ ಕಾಣದಿದ್ದರೆ, ಅಥವಾ ಬೇರೆಯವರಿಗೆ ಅಪಾಯ ಆಗುವಂತಿದ್ದರೆ ಓವರ್‌ಟೇಕ್ ಮಾಡಬಾರದು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ಸಿಗ್ನಲ್ ಇಲ್ಲದ ಕ್ರಾಸಿಂಗಿನಲ್ಲಿ ನಿಧಾನ ಮಾಡಿ, ನಿಂತು, ನಡೆಯುವವರಿಗೂ ಗಾಲಿಕುರ್ಚಿಯವರಿಗೂ ಮೊದಲು ದಾರಿ ಬಿಡಬೇಕು ಅಂತ ಅದರಲ್ಲಿದೆ. ಮುಂದೆ ಟ್ರಾಫಿಕ್ ಕಟ್ಟಿಕೊಂಡಿದ್ದರೆ ಪಟ್ಟೆಯ ಮೇಲೆ ಹೋಗಿ ನಿಲ್ಲಬಾರದು ಅಂತಲೂ ಇದೆ. 2019ರ ತಿದ್ದುಪಡಿ ಆದ ಮೇಲೆ, ನಿಯಮ ಮೀರಿ ಓವರ್‌ಟೇಕ್ ಮಾಡುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ, ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ, ಹೆಸರು ಹಿಡಿದು ಸೇರಿಕೊಂಡಿದೆ. ಆ ಸೆಕ್ಷನ್ನಿನಲ್ಲಿ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ.

ಹೆಲ್ಮೆಟ್ ಇಲ್ಲದ ತಲೆ ಕ್ಯಾಮೆರಾಕ್ಕೆ ಕಾಣುತ್ತದೆ. ನಿಂತ ಬಸ್ಸಿನ ಪಕ್ಕದಿಂದ 40ರಲ್ಲಿ ನುಗ್ಗಿದ್ದು ಯಾವ ಫೋಟೊದಲ್ಲೂ ತಪ್ಪಿನ ಹಾಗೆ ಕಾಣುವುದಿಲ್ಲ. ಯಾರಿಗೂ ಏನೂ ಆಗದಿದ್ದರೆ ಅದು ತಪ್ಪು ಅಂತ ಯಾರಿಗೂ ಅನಿಸುವುದೂ ಇಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ ಬಣ್ಣದಲ್ಲೇ ಉತ್ತರ ಕೊಟ್ಟಿದ್ದಾರೆ. ಜೀಬ್ರಾ ಪಟ್ಟೆ ಬಳಿಯುವ ಪದ್ಧತಿ ಅಲ್ಲಿ ಶುರುವಾದದ್ದು 1951ರಲ್ಲಿ. ಆಮೇಲೆ 1971ರಲ್ಲಿ ಪಟ್ಟೆಯ ಎರಡೂ ಕಡೆ ಹಾವು ಹರಿದ ಹಾಗೆ ಅಂಕುಡೊಂಕು ಗೆರೆಗಳು ಬಂದವು. ಆ ಗೆರೆಯೊಳಗೆ ಪಾರ್ಕಿಂಗ್ ಇಲ್ಲ. ಕ್ರಾಸಿಂಗಿಗೆ ಎಲ್ಲರಿಗಿಂತ ಹತ್ತಿರ ಇರುವ ಗಾಡಿಯನ್ನು, ಅದು ಚಲಿಸುತ್ತಿರಲಿ, ಜನಕ್ಕೆ ದಾರಿ ಬಿಟ್ಟು ನಿಂತಿರಲಿ, ಓವರ್‌ಟೇಕ್ ಮಾಡುವಂತೇ ಇಲ್ಲ. 1968ರ ವಿಯೆನ್ನಾ ರಸ್ತೆ ಒಪ್ಪಂದದ ಮಾತು ಇನ್ನೊಂದು ರೀತಿ. ಕ್ರಾಸಿಂಗಿಗೆ ಬರುತ್ತಿರುವ ಅಥವಾ ಅದರ ಮುಂದೆ ನಿಂತಿರುವ ಗಾಡಿಯನ್ನು ದಾಟಬೇಡಿ. ದಾಟಿದರೂ, ಪಟ್ಟೆಯ ಮೇಲೆ ಯಾರಾದರೂ ಕಂಡ ತಕ್ಷಣ ನಿಲ್ಲಿಸುವಷ್ಟು ನಿಧಾನದಲ್ಲಿ ಮಾತ್ರ. ನನಗೆ ಈ ಎರಡನೆಯದು ಹೆಚ್ಚು ಹಿಡಿಸಿತು. ಬರೀ "ಬೇಡ" ಅಂದರೆ ನಮ್ಮ ಜನ ಯಾಕೆ ಅಂತ ಕೇಳುತ್ತಾರೆ. ಇಲ್ಲಿ ಕಾರಣ ನಿಯಮದೊಳಗೇ ಕೂತಿದೆ.

ಆದರೆ ಈ ನಿಯಮಗಳೆಲ್ಲ ಗಾಡಿಗಳು ಸಾಲಿನಲ್ಲಿ ಹೋಗುತ್ತವೆ ಅಂತ ನಂಬಿ ಬರೆದವು. ನಮ್ಮಲ್ಲಿ ಎಷ್ಟು ಹ್ಯಾಂಡಲ್ ಇವೆಯೋ ಅಷ್ಟು ಸಾಲು. ಯಾವುದಾದರೂ ರೈಲ್ವೆ ಗೇಟಿನಲ್ಲಿ ಕಾದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೇಟು ಬಿದ್ದರೆ ಸಾಕು, ಎದುರಿನವರು ಬರಬೇಕಾದ ಬಲಭಾಗವೂ ಈ ಕಡೆಯವರಿಂದಲೇ ತುಂಬಿರುತ್ತದೆ. ಆ ಕಡೆಯಲ್ಲೂ ಅದೇ ಕಥೆ. ಗೇಟು ಎತ್ತಿದ ಮೇಲೆ ಎರಡು ದಂಡು ಮುಖಾಮುಖಿ. ಖಾಲಿ ಜಾಗ ಕಂಡರೆ ಅದು ನನಗಾಗಿಯೇ ಇದೆ ಅನ್ನುವ ಇದೇ ಬುದ್ಧಿ ಜೀಬ್ರಾ ಪಟ್ಟೆಗೂ ಬರುತ್ತದೆ. ಹಾಗಾಗಿ ಬೇರೆ ದೇಶದಲ್ಲಿ ದಾಟುವವರಿಗೆ ಒಂದು ಕಡೆಯಿಂದ ಅಪಾಯ ಇದ್ದರೆ ನಮ್ಮಲ್ಲಿ ಎರಡೂ ಕಡೆಯಿಂದ. ನಿಂತ ಕಾರಿನ ಬಲಗಡೆಯಿಂದ ಒಬ್ಬ, ಕಾರಿಗೂ ಫುಟ್‌ಪಾತಿಗೂ ನಡುವಿನ ಎರಡಡಿ ಸಂದಿಯಲ್ಲಿ ಎಡಗಡೆಯಿಂದ ಇನ್ನೊಬ್ಬ.

ಪಿ.ಬಿ. ರಸ್ತೆಯ ಅಗಲವನ್ನೂ ಮರೆಯುವಂತಿಲ್ಲ. ಹೆಸರೇ ಹೇಳುವ ಹಾಗೆ ಇದು ಪುಣೆ–ಬೆಂಗಳೂರು ರಸ್ತೆ. ಒಂದು ಕಾಲದಲ್ಲಿ ಹೆದ್ದಾರಿಯ ಲಾರಿಗಳೆಲ್ಲ ಊರೊಳಗಿಂದಲೇ ಹೋಗುತ್ತಿದ್ದವು. ಬೈಪಾಸ್ ಆಯಿತು, ಲಾರಿಗಳು ಊರ ಹೊರಗೆ ಹೋದವು, ಹೆದ್ದಾರಿಗೆ ಈಗ ರಾಷ್ಟ್ರೀಯ ಹೆದ್ದಾರಿ 48 ಅನ್ನುವ ನಂಬರ್ ಬಂತು. ಅಗಲವಾದ ನೇರ ರಸ್ತೆ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಇಂಥ ರಸ್ತೆಯಲ್ಲಿ ಕಾಲು ತಾನಾಗೇ ಎಕ್ಸಲರೇಟರ್ ಮೇಲೆ ಜೋರಾಗುತ್ತದೆ. ಅದೇ ರಸ್ತೆಯ ಮೇಲೆ ಬಸ್ ಸ್ಟ್ಯಾಂಡು, ಅಂಗಡಿ, ಆಸ್ಪತ್ರೆಗೆ ಬಂದ ಹಳ್ಳಿಯವರು, ಕಾಲೇಜಿನ ಹುಡುಗರು. ಒಂದು ಸಾಲು ಮೂರೂವರೆ ಮೀಟರ್ ಅಂದುಕೊಂಡರೆ ನಾಲ್ಕು ಸಾಲಿನ ರಸ್ತೆ 14 ಮೀಟರ್. ಆರೋಗ್ಯವಾಗಿರುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ರಸ್ತೆ ಎಂಜಿನಿಯರುಗಳ ಲೆಕ್ಕ. ಅಂದರೆ ದಾಟೋಕೆ ಹನ್ನೆರಡು ಸೆಕೆಂಡು. ಮಂಡಿನೋವಿನ ಅಜ್ಜಿಗೆ ಎಷ್ಟಾಗುತ್ತದೋ ನೀವೇ ಹೇಳಿ. ನಡುವಿನ ಡಿವೈಡರ್ ಮೇಲೆ ನಿಂತು ಉಸಿರು ಬಿಡಲು ಜಾಗ ಇದ್ದರೆ ಪುಣ್ಯ. ಕೆಲವು ಕಡೆ ಪಟ್ಟೆ ಬಳಿದಿರುತ್ತಾರೆ, ಅದು ಹೋಗಿ ಮುಟ್ಟುವುದು ಡಿವೈಡರಿನ ಕಬ್ಬಿಣದ ಬೇಲಿಗೆ. ಬಳಿದವರು ಒಂದು ಸಲ ಅದರ ಮೇಲೆ ನಡೆದು ನೋಡಿದ್ದರೆ ಚೆನ್ನಾಗಿತ್ತು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಕೇಂದ್ರ ಸಾರಿಗೆ ಸಚಿವಾಲಯದ ಅಂಕಿ ಇದು. ಐವರಲ್ಲಿ ಹತ್ತಿರ ಹತ್ತಿರ ಒಬ್ಬರು ಯಾವ ಗಾಡಿಯನ್ನೂ ಓಡಿಸುತ್ತಿರಲಿಲ್ಲ, ಯಾವ ಗಾಡಿಯಲ್ಲೂ ಕೂತಿರಲಿಲ್ಲ.

ಅಕ್ಕನ ಮಗಳು ಈಗ ಕಾರು ಕಲಿಯುತ್ತಿದ್ದಾಳೆ. ಎಲ್‌ಎಲ್‌ಆರ್ ಆಗಿದೆ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ನಾನು ಪಕ್ಕದಲ್ಲಿ ಕೂರುತ್ತೇನೆ. ವಿದ್ಯಾನಗರದ ಕಡೆಯಿಂದ ಹೊರಟು ಒಂದು ಸುತ್ತು. ದಾಟುವವರಿದ್ದರೆ ನಿಲ್ಲಿಸು ಅಂದೆ. ಅವಳ ಪ್ರಶ್ನೆ ಸರಿಯಾಗೇ ಇತ್ತು: "ಮಾಮ, ನಾನು ನಿಲ್ಲಿಸ್ತೀನಿ, ಹಿಂದಿನವ್ರು ಬಂದು ಗುದ್ದಿದ್ರೆ?"

ಇದಕ್ಕೆ ಉತ್ತರ ಪುಸ್ತಕದಲ್ಲಿ ಕಮ್ಮಿ, ರಸ್ತೆಯಲ್ಲಿ ಜಾಸ್ತಿ. ಪಟ್ಟೆ ದೂರದಲ್ಲಿ ಕಂಡಾಗಲೇ ಕಾಲು ಎಕ್ಸಲರೇಟರಿನಿಂದ ತೆಗೆಯಬೇಕು. ಒಳಗಿನ ಕನ್ನಡಿ ಒಂದು ಸಲ ನೋಡಬೇಕು. ಬ್ರೇಕನ್ನು ಒಮ್ಮೆಲೇ ತುಳಿಯದೆ ಮೊದಲು ಮೆತ್ತಗೆ ಒಂದೆರಡು ಸಲ ಒತ್ತಬೇಕು, ಹಿಂದೆ ಕೆಂಪು ಲೈಟು ಮಿಣುಕಿ ಹಿಂದಿನವನು ಎಚ್ಚರ ಆಗುತ್ತಾನೆ. ಕನ್ನಡಿಯಲ್ಲಿ ಟ್ರ್ಯಾಕ್ಟರೋ ತುಂಬಿದ ಲಾರಿಯೋ ಮೈಮೇಲೆ ಬರುವ ಹಾಗೆ ಕಂಡರೆ ದಿಢೀರ್ ಅಂತ ನಿಲ್ಲುವ ಉಪಕಾರ ಯಾರಿಗೂ ಬೇಡ. ನಿಯಮ ಹೇಳುತ್ತದೆ ಅಂತ ಕಣ್ಣು ಮುಚ್ಚಿ ಬ್ರೇಕ್ ಹಾಕುವುದೂ ದಡ್ಡತನವೇ. ಬೇಗ ನಿಧಾನ ಮಾಡಿದವರಿಗೆ ಈ ಪೇಚಾಟ ಬರುವುದೇ ಅಪರೂಪ.

ಇನ್ನೊಂದು, ನಿಲ್ಲುವ ಜಾಗ. ಪಟ್ಟೆಗೆ ಮೂತಿ ತಾಗಿಸಿ ನಿಂತರೆ ನಮ್ಮ ಗಾಡಿಯೇ ದಾಟುವವರನ್ನು ಮುಚ್ಚಿಹಾಕುತ್ತದೆ. ಐದಾರು ಮೀಟರ್ ಹಿಂದೆ ನಿಂತು ನೋಡಿ. ದಾಟುವವರಿಗೂ ನಮಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಪಕ್ಕದ ಸಾಲಿನಲ್ಲಿ ಬರುವವನಿಗೆ ಅವರು ಮೊದಲೇ ಕಾಣುತ್ತಾರೆ, ಅವರಿಗೂ ಅವನು ಕಾಣುತ್ತಾನೆ. ಅಮೆರಿಕದಲ್ಲಿ ಒಂದೇ ದಿಕ್ಕಿಗೆ ಹಲವು ಸಾಲುಗಳಿರುವ ರಸ್ತೆಗಳಲ್ಲಿ, ಸಿಗ್ನಲ್ ಇಲ್ಲದ ಕ್ರಾಸಿಂಗಿಗೆ ನಿಲ್ಲುವ ಗೆರೆಯನ್ನು 20ರಿಂದ 50 ಅಡಿ ಹಿಂದೆ ಎಳೆಯುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಗೆರೆ ಹಿಂದೆ ಇದ್ದರೂ ಗಾಡಿ ಪಟ್ಟೆಯ ಮೇಲೆ ನಿಲ್ಲುತ್ತದೆ, ಅದು ಬೇರೆ ಮಾತು. ಸಿಗ್ನಲ್ಲಿನಲ್ಲಿ ಮೊದಲ ಸಾಲಿನ ಬೈಕುಗಳು ಪಟ್ಟೆಯನ್ನೂ ದಾಟಿ ಸರ್ಕಲ್ಲಿನ ಬಾಯಿಗೆ ಹೋಗಿರುತ್ತವೆ. ದಾಟುವವರು ಅವುಗಳ ಮುಂದೆ, ಅಡ್ಡ ಬರುವ ಟ್ರಾಫಿಕ್ಕಿನೊಳಗೆ ನಡೆಯಬೇಕು.

ಹಳ್ಳಿ ಸ್ಟಾಪುಗಳಲ್ಲಿ ಪಟ್ಟೆಯೂ ಇಲ್ಲ, ಗೆರೆಯೂ ಇಲ್ಲ. ಬಸ್ಸು ನಿಲ್ಲುತ್ತದೆ, ಇಳಿದವರು ಬಸ್ಸಿನ ಮುಂದಿನಿಂದಲೇ ಆ ಕಡೆಗೆ ಹೊರಡುತ್ತಾರೆ. ಬಸ್ಸು ಹೋಗುವ ತನಕ ಕಾದು ದಾಟಿ ಅಂತ ಹೇಳಿದರೆ ಯಾರು ಕೇಳುತ್ತಾರೆ? ಹೊಲ ಆ ಕಡೆ, ಮನೆ ಆ ಕಡೆ, ಬಿಸಿಲು ತಲೆ ಮೇಲೆ. ಕೆಲವು ಕಂಡಕ್ಟರುಗಳು ಇದನ್ನು ಚೆನ್ನಾಗಿ ಬಲ್ಲರು. ಶಾಲೆ ಮಕ್ಕಳು ಇಳಿದರೆ ತಾವೂ ಇಳಿದು, ಬಸ್ಸಿನ ಬಲಗಡೆಗೆ ಬಂದು, ಹಿಂದಿನ ಗಾಡಿಗಳಿಗೆ ಕೈ ಅಡ್ಡ ಹಿಡಿದು, ಸೀಟಿ ಊದಿ, ಮಕ್ಕಳು ಆಚೆ ಮುಟ್ಟಿದ ಮೇಲೆ "ರೈಟ್" ಅನ್ನುತ್ತಾರೆ. ಅವರಿಗೆ ಇದನ್ನು ಯಾರೂ ಕಲಿಸಿರಲಿಕ್ಕಿಲ್ಲ. ಎತ್ತರ ಇಲ್ಲದ ಮಗು ಬಸ್ಸಿನ ಹಿಂದಿನವನಿಗೆ ಕಾಣುವುದಿಲ್ಲ ಅಂತ ಅವರಿಗೆ ಗೊತ್ತು, ಅಷ್ಟೇ.

ದಾಟುವವರಿಗೂ ಒಂದು ಕೆಲಸ ಇದೆ. ನಿಂತ ಗಾಡಿಯ ಮುಂದಿನಿಂದ ಹೋಗುವಾಗ ಅದರ ಅಂಚಿಗೆ ಬಂದು ಒಂದು ಕ್ಷಣ ನಿಂತು ಇಣುಕಿ ನೋಡಬೇಕು. ನಿಲ್ಲಿಸಿದವರು ಕಾಯಲಿ, ಸಂಕೋಚ ಬೇಡ. ಹಾಗಂತ ತಪ್ಪನ್ನು ಅವರ ತಲೆಗೆ ಕಟ್ಟುವುದಕ್ಕೆ ನಾನು ತಯಾರಿಲ್ಲ. ಕಬ್ಬಿಣದ ಗಾಡಿ ತಂದವರು ನಾವು, ಹೆಚ್ಚಿನ ಜವಾಬ್ದಾರಿ ನಮ್ಮದೇ.

ಕೈ ಬೀಸುವ ವಿಷಯಕ್ಕೆ ಬರುತ್ತೇನೆ. ಹಳೇ ರಸ್ತೆ ನಿಯಮಗಳಲ್ಲಿ ಡ್ರೈವರ್ ಮಾಡಬೇಕಾದ ಕೈ ಸನ್ನೆಗಳು ಇದ್ದವು. ನಿಧಾನ ಮಾಡುವಾಗ ಬಲಗೈ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಬೇಕು. ನಿಲ್ಲಿಸುವಾಗ ಮುಂಗೈಯನ್ನು ಹೊರಗೆ ನೆಟ್ಟಗೆ ಎತ್ತಬೇಕು. ಈಗಲೂ ವಯಸ್ಸಾದ ಲಾರಿ ಡ್ರೈವರುಗಳು ಇದನ್ನು ಮಾಡುವುದು ಕಾಣುತ್ತದೆ. ಕಾರುಗಳಿಗೆ ಏಸಿ ಬಂತು, ಗಾಜು ಮೇಲೆ ಹೋಯಿತು, ಕೈ ಒಳಗೇ ಉಳಿಯಿತು. ಆ ಸನ್ನೆಗಳೆಲ್ಲ ಹಿಂದೆ ಬರುವವರಿಗಾಗಿ ಇದ್ದವು. ಜನ ದಾಟುವ ಜಾಗದಲ್ಲಿ ವಿಷಯ ತಿಳಿಯಬೇಕಾದದ್ದೂ ಅವರಿಗೇ. ನಾವೋ ಅವರನ್ನು ಬಿಟ್ಟು, ಮುಂದೆ ದಾಟುತ್ತಿರುವವರಿಗೆ ಕೈ ಬೀಸುತ್ತಿದ್ದೇವೆ.

ಹಾಗಾಗಿ ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟು. ದಾಟುವವರಿಗೆ ಸನ್ನೆ ಮಾಡಬೇಡ, ಸುಮ್ನೆ ನಿಂತಿರು, ಅವರೇ ನೋಡಿಕೊಂಡು ಹೋಗಲಿ. ಆ ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಹಿಂದಿನವರಿಗೆ ತೋರಿಸು. ಮೊದಲ ಸಲ ಮಾಡಿದಾಗ ಹಿಂದಿನ ಆಟೊದವರು ನಿಜಕ್ಕೂ ನಿಂತರು. ಅವರ ಹಿಂದಿದ್ದ ಸ್ಕೂಟಿಯವನೂ ಬೇರೆ ದಾರಿ ಇಲ್ಲದೆ ನಿಂತ. ಅವಳಿಗೆ ಖುಷಿಯಾಯಿತು. ಆದರೆ ಕಿಟಕಿ ತೆಗೆದರೆ ಧೂಳೆಲ್ಲ ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಏನು ಮಾಡೋದು ಅಂತ ಅವಳ ತಕರಾರು. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ.